ಎರಡು ಸೈಜು ದೊಡ್ಡ ಬೂಟು

ನನ್ನ ಅಕ್ಕನಿಗೆ,

ಇವತ್ತು ಏಕಾದಶಿ. ಬೆಳಿಗ್ಗೆ ಎದ್ದು ನೆಲ ಒರೆಸಿ, ಬಾಲ್ಕನಿಯ ತುಳಸಿಗೆ ನೀರು ಹಾಕಿ, ದೀಪ ಹಚ್ಚಿ, ಭಾವನಿಗೂ ನಿನ್ನ ಮಗಳು ಶ್ರಾವ್ಯಳಿಗೂ ಬುತ್ತಿ ಕಟ್ಟಿ ಕಳಿಸಿದೆ. ನನಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಡ್ಯೂಟಿ ಮಧ್ಯಾಹ್ನದ ಮೇಲೆ. ಮನೆಯಲ್ಲಿ ಈಗ ಶಬ್ದವೇ ಇಲ್ಲ. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ನನಗೆ ಮೂರು ಸಲ ಬೈದಾಗಿರುತ್ತಿತ್ತು. ನಿನಗೆ ಒಂದು ವಿಷಯ ಹೇಳುವುದಿದೆ, ಒಂದು ಕೇಳುವುದಿದೆ. ನೀನು ಶ್ರಾವ್ಯಳಿಗೆ ತೆಗೆದುಕೊಟ್ಟ ಬೂಟನ್ನು ನಾನು ಅವಳ ಕಾಲಿನಿಂದ ಬಿಚ್ಚಿಸಿದೆ, ಅಕ್ಕ. ಸಿಟ್ಟು ಮಾಡಬೇಡ, ಪೂರ್ತಿ ಕೇಳು.

ನೀನು ನನ್ನನ್ನು ಕೆಲಸಕ್ಕೆ ಸೇರಿಸಿದ ಮೊದಲ ದಿನ ನೆನಪಿದೆಯಾ? ಹೊರಗೆ ಅಲ್ ಬರ್ಷಾದ ಮರಳುಗಾಡಿನ ಬಿಸಿಲು, ಮಾಲಿನ ಒಳಗೆ ಹಿಮದ ಗುಡ್ಡ. ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿಕೊಂಡು ಜಾರುವ ಜನರನ್ನು ನೋಡಿ ನಾನು ದೇವರ ಹೆಸರು ಹೇಳುತ್ತಾ ನಿಂತಿದ್ದೆ. ನೀನು ಬೂಟಿನ ಕೌಂಟರಿನ ಮುಂದೆ ನನ್ನನ್ನು ಮೊಣಕಾಲೂರಿಸಿ ಕೂರಿಸಿದೆ.

"ಕಂಡಕಂಡವರ ಕಾಲು ಹಿಡಿಯುವುದಾ ಅಕ್ಕಾ ನಾನು?"

"ಹಿಡಿ ಮಾರಾಯ್ತಿ. ನಿನಗೆ ಪುಣ್ಯ ಬರ್ತದೆ, ಅವರಿಗೆ ಬೂಟು ಸರಿಯಾಗ್ತದೆ."

ನೀನು ಕಲಿಸಿದ್ದು: ಒಂದೇ ತೆಳು ಕಾಲುಚೀಲ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಬೇಕು, ಆಮೇಲೆ ಲೇಸು ಎಳೆಯಬೇಕು. ನೆಟ್ಟಗೆ ನಿಂತರೆ ಬೆರಳ ತುದಿ ಬೂಟಿಗೆ ಸೋಕಬೇಕು, ಮೊಣಕಾಲು ಬಗ್ಗಿಸಿದರೆ ಚೂರು ಹಿಂದೆ ಸರಿಯಬೇಕು. ಮುಂದಕ್ಕೆ ಬಾಗಿದಾಗ ಹಿಮ್ಮಡಿ ಏಳಲೇಬಾರದು. ಎದ್ದರೆ ಹಲಗೆ ಮಾತು ಕೇಳುವುದಿಲ್ಲ. ಏಳನೇ ಕ್ಲಾಸಿನವರೆಗೆ ನಾನು ಕಲಿತದ್ದೆಲ್ಲ ಮರೆತುಹೋಗಿದೆ. ಇದು ಮಾತ್ರ...

ಉಡುಪಿ ಕಡೆಯ ಒಬ್ಬರು ಕಾಲನ್ನು ಸರಕ್ಕನೆ ಹಿಂದೆಳೆದುಕೊಂಡಿದ್ದರಲ್ಲ, "ಅಯ್ಯೋ, ದೊಡ್ಡವರು ನೀವು ನನ್ನ ಕಾಲು ಮುಟ್ಟುವುದಾ? ಬೇಡ ಬೇಡ, ಸರಿ ಉಂಟು!" ಅಂತ. ಅರ್ಧ ಗಂಟೆಯಲ್ಲಿ ಕುಂಟುತ್ತಾ ವಾಪಸು ಬಂದರು. "ನೋಡಿಕೋ, ನಮ್ಮೂರಿನವರು ಸರಿ ಉಂಟು ಅಂದರೆ ಸರಿ ಇಲ್ಲ ಅಂತ ಅರ್ಥ" ಎಂದು ನೀನು ಸೆರಗಿಲ್ಲದ ಯೂನಿಫಾರ್ಮಿನಲ್ಲೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕೆ. ಮತ್ತೆ ಆ ತಾಯಂದಿರು! ಒಂದು ಸೈಜು ದೊಡ್ಡದು ಕೊಡಿ, ಮುಂದಿನ ವರ್ಷಕ್ಕೂ ಆಗ್ತದೆ ಎನ್ನುವವರು. "ಇದು ಶಾಲೆಯ ಚಪ್ಪಲಿ ಅಲ್ಲಮ್ಮ" ಎಂದು ಎಷ್ಟು ಜನರಿಗೆ ಹೇಳಿದ್ದೀಯ?

ಹಾಗೆ ಹೇಳುತ್ತಿದ್ದ ನೀನೇ ಒಂದು ದಿನ ಶ್ರಾವ್ಯಳಿಗೆ ಸ್ವಂತದ ಬೂಟು ತಂದೆ. ಅವಳಿಗೆ ಆಗ ಹದಿನೈದು. ಅವಳ ಕಾಲು ಮೂವತ್ತೇಳು, ಬೂಟು ಮೂವತ್ತೊಂಬತ್ತು. "ಅಕ್ಕಾ, ನಿನಗೆ ತಲೆ ಕೆಟ್ಟಿದೆಯಾ?" ಎಂದು ಕೇಳಿದೆ. "ಬೆಳೆಯುವ ಹುಡುಗಿ, ನೀನು ಸುಮ್ಮನಿರು" ಎಂದು ನೀನು ಒಳಗೆ ಹೋದೆ. ಆಗ ನಾನು ನಕ್ಕಿದ್ದೆ. ನೀನು ಹೋದ ಮೇಲೆ ಭಾವ ಆಸ್ಪತ್ರೆಯ ಫೈಲು ಜೋಡಿಸುತ್ತಿದ್ದಾಗ ಮೊದಲ ರಿಪೋರ್ಟಿನ ತಾರೀಕು ಕಣ್ಣಿಗೆ ಬಿತ್ತು. ಬೂಟು ತಂದ ವಾರದ್ದೇ. ಮುಂದಿನ ಬೂಟು ತೆಗೆದುಕೊಡಲು ನಾನಿರುತ್ತೇನೋ ಇಲ್ಲವೋ ಅಂತಲೇ ಅಲ್ವಾ ನೀನು... ನಮಗೊಂದು ಮಾತು ಹೇಳಬಾರದಿತ್ತಾ?

ಹೋದ ತಿಂಗಳು ಶ್ರಾವ್ಯ ಜಾರುವಾಗ ಬಿದ್ದು ಪಾದದ ಗಂಟು ಊದಿಸಿಕೊಂಡು ಬಂದಳು. ಬೂಟು ಬಿಚ್ಚಿದರೆ ಒಳಗೆ ಮೂರು ಕಾಲುಚೀಲ! ಅವಳ ಕಾಲು ಬೆಳೆಯಲೇ ಇಲ್ಲ ಅಕ್ಕ, ಇನ್ನೂ ಮೂವತ್ತೇಳೇ. ಕೋಚ್ ಖಡಕ್ಕಾಗಿ ಹೇಳಿದ್ದರು, ಈ ಬೂಟಿನಲ್ಲಾದರೆ ಟೀಮಿನ ಟ್ರಯಲ್ ಇಲ್ಲ, ಖಲಾಸ್. ಇವಳು ಟ್ರಯಲ್ ಬಿಟ್ಟೇನು, ಅಮ್ಮನ ಬೂಟು ಬಿಡುವುದಿಲ್ಲ ಎಂದು ಕುಳಿತಳು. ಗಂಟು ವಾಸಿಯಾದ ಮೇಲೆ ಒಂದು ಸಂಜೆ ಹೊಸ ಬೂಟು ಹಿಡಿದುಕೊಂಡು ಅವಳ ಮುಂದೆ ನೆಲದಲ್ಲಿ ಕುಳಿತೆ.

"ಪ್ಲೀಸ್ ಚಿಕ್ಕಿ, ಕಾಲು ಮುಟ್ಟಬೇಡಿ. ಐ ಆಮ್ ಫೈನ್. ಹಳೇದೇ ಸರಿ ಉಂಟು."

"ಸರಿ ಉಂಟು ಅಂದರೆ ಎಂತ ಅರ್ಥ ಅಂತ ನಿನ್ನಮ್ಮ ನನಗೆ ಹೇಳಿಕೊಟ್ಟಿದ್ದಾಳೆ."

ಅವಳಿಗೆ ನಗು ಬಂತು, ನಗಲಿಲ್ಲ. ಹಳೆಯ ಬೂಟನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು, "ಅಷ್ಟು ವರ್ಷ ಅದೇ ಕೆಲಸ ಮಾಡಿದ ಅಮ್ಮನಿಗೆ ನನ್ನ ಸೈಜು ಗೊತ್ತಿರಲಿಲ್ವಾ?"

"ಗೊತ್ತಿತ್ತು ಮಗಾ. ಇವತ್ತಿನ ಕಾಲಿಗೆ ಅಂತ ತಂದದ್ದಲ್ಲ ಅವಳು. ಅವಳಿಗೆ ನೋಡಲು ಸಿಗದ ಕಾಲಿಗೆ ತಂದದ್ದು."

ಹೇಳಬಾರದಿತ್ತೇನೋ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ಇಬ್ಬರೂ ಅತ್ತೆವು. ಆಮೇಲೆ ಅವಳಾಗಿಯೇ ಕಾಲು ಚಾಚಿದಳು. ಹಿಮ್ಮಡಿ ಕುಟ್ಟಿ ಕೂರಿಸಿ, ಲೇಸು ಎಳೆದು, "ಬಗ್ಗು" ಎಂದೆ. ಹಿಮ್ಮಡಿ ಕೂದಲೆಳೆಯಷ್ಟೂ ಏಳಲಿಲ್ಲ.

ಮೊನ್ನೆ ಟ್ರಯಲ್ ಆಯಿತು. ನಾನು ಡ್ಯೂಟಿಯಲ್ಲಿ ಯಾರದೋ ಪಾದ ಕೈಯಲ್ಲಿ ಹಿಡಿದುಕೊಂಡು ಗಾಜಿನಾಚೆ ನೋಡುತ್ತಿದ್ದೆ. ಪ್ರತಿಸಲ ಬೀಳುತ್ತಿದ್ದ ತಿರುವಿನಲ್ಲಿ ಬೆರಳ ಮೇಲೆ ಭಾರ ಹಾಕಿ ಎಷ್ಟು ಸಲೀಸಾಗಿ ತಿರುಗಿದಳು ಗೊತ್ತಾ! ಟೀಮಿಗೆ ತೆಗೆದುಕೊಂಡರು ಅಕ್ಕ, ನಿನ್ನ ಮಗಳನ್ನು.

ಇನ್ನು ಕೇಳುವ ವಿಷಯ. ಅವಳ ಜೊತೆ ಜಾರುವ ಒಬ್ಬ ಹುಡುಗಿಯ ಕಾಲು ಮೂವತ್ತೊಂಬತ್ತು. ನಿನ್ನ ಬೂಟು ಅವಳಿಗೆ ಕೊಡೋಣ ಎಂದು ಶ್ರಾವ್ಯಳೇ ಹೇಳಿದಳು. ಆದರೆ ರಾತ್ರಿ ಊಟಕ್ಕೆ ಕುಳಿತಾಗೆಲ್ಲ, "ಅಮ್ಮನಿಗೆ ಬೇಜಾರಾಗ್ತದಾ ಚಿಕ್ಕಿ?" ಎಂದು ಕೇಳುತ್ತಾಳೆ. ನಾನು ಏನು ಹೇಳಲಿ? ಗುರುವಾರ ಭಾವ ನಿನ್ನ ವರ್ಷಾಂತಿಕಕ್ಕೆ ಊರಿಗೆ ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕಳಿಸುತ್ತೇನೆ, ನಿನಗೆ ಬಡಿಸುವ ಎಲೆಯ ಪಕ್ಕದಲ್ಲಿ ಇಡುತ್ತಾರೆ. ಅವರಿಗೆ ಹೇಳಿದ್ದೇನೆ: ಭಾವ, ಅಕ್ಕ ಬಂದು ಉಣ್ಣಲಿ ಅಂತ ಎಲೆ ಬಡಿಸಿ ಬಾಗಿಲು ಹಾಕಿದ ಮೇಲೆ ಅವಸರದಲ್ಲಿ ತೆಗೆಯಬೇಡಿ, ಅವಳು ಬರೆಯುವುದು ನಿಧಾನ. ಉತ್ತರ ತೆಗೆದುಕೊಂಡೇ ಬನ್ನಿ.