ಮೂಗಿನ ಮೇಲೆ ಏರೋಪ್ಲೇನ್ ಚಿಟ್ಟೆ

ಅಕ್ಕಾ,

ನಾವು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದ ಏರೋಪ್ಲೇನ್ ಚಿಟ್ಟೆ ಈ ಊರಿನಲ್ಲಿ ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಗೇಣಗಲ ಇರುತ್ತದೆ. ಇವತ್ತು ಹದಿನೈದನೇ ಮಹಡಿಯ ಹೊರಗೆ ಹಗ್ಗದ ಹಲಗೆಯಲ್ಲಿ ಕೂತು ಗಾಜು ಒರೆಸುತ್ತಿದ್ದಾಗ ಅಂಥದ್ದೊಂದು ಬಂದು ನನ್ನ ಮೂಗಿನ ಮೇಲೆಯೇ ಕೂತುಬಿಟ್ಟಿತು. ಗಾಬರಿಯಿಂದ ಎರಡೂ ಕೈ ಬೀಸಿದೆ. ಕೂತ ಹಲಗೆ ಜಾರಿತು. ಸೊಂಟದ ಬೆಲ್ಟು ಹಿಡಿದುಕೊಂಡಿದ್ದರಿಂದ ಉಳಿದೆ. ಪಕ್ಕದ ಹಗ್ಗದಲ್ಲಿದ್ದ ಜೊತೆಗಾರ, "ಕೆಳಗೆ ಮಾತ್ರ ನೋಡ್ಬೇಡ ಕಣೋ!" ಎಂದು ಕೂಗಿದ. ನೋಡಿಬಿಟ್ಟೆ. ನನ್ನ ಬಕೆಟ್ಟು ಇನ್ನೂ ಬೀಳುತ್ತಿತ್ತು.

ಪುಣ್ಯಕ್ಕೆ ಯಾರಿಗೂ ತಗುಲಲಿಲ್ಲ. ನನಗೆ ಮೊಣಕೈ ತರಚಿದೆ, ಅಷ್ಟೇ. ಆದರೆ ಊಟ ಸೇರುತ್ತಿಲ್ಲ, ನಾಳೆ ಮತ್ತೆ ಹತ್ತಬೇಕು. ಈ ಕಾರ್ಡು ಅಮ್ಮನಿಗೆ ಓದಿ ಹೇಳುವಾಗ, ನಾನು ಒಳಗಡೆ ನಿಂತುಕೊಂಡೇ ಗಾಜು ಒರೆಸುತ್ತೇನೆ ಅಂತ ಓದು.

ನಿನ್ನ ಪುಕ್ಕಲು ತಮ್ಮ