ಯೆಫಿಮನನ್ನು ಊರಿಗೆ ತರುವ ಬಗ್ಗೆ

ತಂಗಿ ಅಗ್ರಫೇನಾ,

ನಿನ್ನ ಗಂಡ ಯೆಫಿಮ ತೀರಿಹೋದನೆಂದು ತಿಳಿಸಿದ ದಿನದಿಂದ ನೀನು ಫೋನೇ ಎತ್ತುತ್ತಿಲ್ಲ. ಅದಕ್ಕೇ ಮೂರನೇ ಕ್ಲಾಸು ದಾಟದ ನನಗೆ ಈ ಕಾರ್ಡು ಗೀಚುವ ಕರ್ಮ. ಆಂಕರೇಜಿನ ಕೆರೆಯಲ್ಲಿ ವಿಮಾನಗಳು ಬಾತುಗಳ ಹಾಗೆ ಸಾಲಾಗಿ ನಿಂತಿವೆ. ಚಳಿಗಾಲ ಬಂತೆಂದು ಬೋಲ್ಟು ಬಿಚ್ಚಿ ಎಲ್ಲದರ ಅಡಿಯಲ್ಲಿ ದೋಣಿಯ ಹಾಗೆ ತೇಲುವ ಫ್ಲೋಟು ಕಳಚುತ್ತಿದ್ದಾರೆ. ಯೆಫಿಮನ ವಿಮಾನ ಮುಟ್ಟಬೇಡಿ ಎಂದು ಬೈದು ತಡೆದಿದ್ದೇನೆ. ಅದನ್ನು ಹಾರಿಸಿಕೊಂಡು ಬರುವವಳು ಅವನ ಶಿಷ್ಯೆ ದಾರ್ಯಾ.

“ಮಾವ, ಶವದ ಪೆಟ್ಟಿಗೆ ಬಾಗಿಲಲ್ಲಿ ತೂರಲ್ಲ. ಎಡಗಡೆ ಫ್ಲೋಟಿನ ಮೇಲಿಟ್ಟು ಕಂಬಿಗೆ ಕಟ್ಟಬೇಕು” ಅಂದಳು.

“ಅವನೇನು ಮರದ ಹಲಗೆಯೇನೇ?”

“ಇಲ್ಲಿ ತೀರಿಕೊಂಡ ಊರಿನೋರನ್ನೆಲ್ಲ ಅವರೇ ಹೀಗೆ ತಂದು ಮಣ್ಣಿಗೆ ಸೇರಿಸಿಲ್ವಾ? ಈ ಗಂಟು ನಂಗೆ ಕಲಿಸಿದ್ದೂ ಅವರೇ.”



ಕಟ್ಟಿ ತಂದದ್ದನ್ನು ನಿನ್ನಿಂದ ನೋಡಲಾಗದಿದ್ದರೆ ಇಲ್ಲೇ ಮಣ್ಣು ಮಾಡುತ್ತೇವೆ. ತರಬೇಕೆಂದರೆ ಒಂದೇ ಬದಿ ಭಾರವಾಗದ ಹಾಗೆ ಒಳಗೆ ಬಲಗಡೆಯ ಸೀಟಿನಲ್ಲಿ ನಾನು ಕೂರುತ್ತೇನೆ. ಮಂಡಿನೋವು ಇದ್ದದ್ದೇ, ಕೇಳಬೇಡ. ನಮ್ಮೂರ ಕೆರೆ ಹೆಪ್ಪುಗಟ್ಟಿತೋ, ಫ್ಲೋಟಿನ ವಿಮಾನ ಇಳಿಯುವುದಿಲ್ಲ.

ನಿನ್ನಣ್ಣ ಗವ್ರಿಲ

ಅಕ್ಟೋಬರ್ ಹತ್ತರೊಳಗೆ ಫೋನೆತ್ತಿ ಹೂಂ ಅನ್ನು, ಇಲ್ಲ ಉಹೂಂ ಅನ್ನು.