ಅಪ್ಪನ ಒಂದು ಗೇಣು ಕರುಳು

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಹೊಟ್ಟೆ ಈಗ ಹೇಗಿದೆ? ಮಾತ್ರೆ ತಪ್ಪಿಸುತ್ತಿಲ್ಲ ತಾನೆ? "ಪರವಾಗಿಲ್ಲ ಅಕ್ಕಾ" ಎಂಬ ನಿನ್ನ ಒಂದೇ ಸಾಲಿನ ಉತ್ತರ ಬೇಡ. ಊಟ, ನಿದ್ದೆ, ತೂಕ ಎಲ್ಲ ಬರೆ.

ಇಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ಗಾಬರಿಯಾಗಬೇಡ, ಹನ್ನೆರಡು ದಿನ ಕಳೆದಿವೆ, ಮನೆಗೆ ಬಂದಿದ್ದಾರೆ. ಬಸ್ಸಿನ ಸ್ಟಿಯರಿಂಗ್ ಹಿಡಿದುಕೊಂಡೇ ಎಷ್ಟೋ ವರ್ಷ ಹೊಟ್ಟೆನೋವು ನುಂಗಿಕೊಂಡಿದ್ದರಂತೆ. ಯಾರ ಹತ್ತಿರವೂ ತುಟಿಪಿಟಿಕ್ ಎಂದಿರಲಿಲ್ಲ. ಕೊನೆಗೆ ಡಿಪೋದಲ್ಲೇ ಕುಸಿದರು. ಸಣ್ಣ ಕರುಳು ಬಾವು ಬಂದು ದಾರಿಯೇ ಕಟ್ಟಿಹೋಗಿತ್ತು. ನಿನಗಿರುವ ಕಾಯಿಲೆಯೇ, ಪುಟ್ಟೂ.

ಕತ್ತರಿಸಿ ತೆಗೆದ ಒಂದು ಗೇಣು ಕರುಳು ನಾನು ಕೆಲಸ ಮಾಡುವ ಲ್ಯಾಬಿಗೇ ಬಂತು. ಬೇರೆಯವರಿಗೆ ಕೊಡು ಎಂದರು ನಮ್ಮ ಡಾಕ್ಟರಮ್ಮ, ನಾನೇ ಮಾಡುತ್ತೇನೆಂದೆ. ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕಿದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕರುಳಿನ ಗೋಡೆಯೊಳಗೇ ನರಕೋಶಗಳ ಪುಟ್ಟ ಗುಂಪುಗಳು, ಅವನ್ನು ಮುತ್ತಿಕೊಂಡಿದ್ದ, ರೋಗ ತಡೆಯಬೇಕಾದ ಕಾವಲು ಕೋಶಗಳು. "ಕರುಳಿಗೆ ಅದರದ್ದೇ ನರಮಂಡಲ ಇದೆ. ಕಾವಲಿನವರಿಗೆ ಅದು ಏನಾದ್ರೂ ಹೇಳ್ತಾನೇ ಇರುತ್ತೆ, ಸುಮ್ಮನಿರಿ ಅಂತಲೋ, ಏಳಿ ಅಂತಲೋ. ಆ ಮಾತುಕತೆ ಕೆಟ್ಟರೆ ಬಾವು ಆರೋದು ಕಷ್ಟ" ಎಂದರು ಡಾಕ್ಟರಮ್ಮ. ಹೆದರಿಕೆಯಿಂದಲೇ ಈ ಕಾಯಿಲೆ ಹುಟ್ಟುತ್ತದೆಂದಲ್ಲ; ಆದರೆ ಇದ್ದ ಕಾಯಿಲೆಯನ್ನು ಮನಸ್ಸಿನ ಒತ್ತಡ ಇದೇ ನರಗಳ ಮೂಲಕ ಕೆರಳಿಸಬಹುದಂತೆ.

ಶಾಲೆಯ ಪರೀಕ್ಷೆಯ ಬೆಳಿಗ್ಗೆ ನೀನು ಬಚ್ಚಲ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದು ಮುದುಡಿ ಕೂರುತ್ತಿದ್ದದ್ದು ನೆನಪಾಯಿತು. "ನಾಟಕ ಸಾಕು, ಏಳು" ಎಂದು ಅಪ್ಪ ರಟ್ಟೆ ಹಿಡಿದು ಎಳೆದೆಬ್ಬಿಸಿದ್ದೂ. ಆವತ್ತು ನಾನೂ ನಕ್ಕಿದ್ದೆ. ಕ್ಷಮಿಸು ಎನ್ನಲು ನನಗೆ ಹದಿನಾರು ವರ್ಷ ಬೇಕಾಯಿತು ನೋಡು.

ಆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ, ನಿನಗೂ ಇದೇ ಕಾಯಿಲೆ ಎಂಬುದನ್ನೂ. ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ, "ಹಾಗಾದ್ರೆ ಅವನಿಗೂ ಇಷ್ಟೇ ನೋಯ್ತಿತ್ತಾ?" ಎಂದರು. ನೀನು ಮನೆ ಬಿಟ್ಟ ಈ ಆರು ವರ್ಷಗಳಲ್ಲಿ ಅವರು ನಿನ್ನ ಮಾತೆತ್ತಿದ್ದು ಅದೇ ಮೊದಲು. ಹೂಂ ಎಂದೆ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಅವರಿಗೆ ಮಾತ್ರೆ ಕೊಡುವ ಹೊತ್ತಾಯಿತು, ನಿಲ್ಲಿಸುತ್ತೇನೆ. ನೀನು ಚೆನ್ನಾಗಿರು, ನನಗಷ್ಟು ಸಾಕು.

ನಿನ್ನ
ಅಕ್ಕ

ಮರೆತಿದ್ದೆ: ಇಪ್ಪತ್ತೆರಡನೇ ತಾರೀಖು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ನಂಬರಿನಿಂದ ಫೋನ್ ಬರುತ್ತದೆ. ನಾನಲ್ಲ, ಅಪ್ಪ. ಅವರಾಗಿಯೇ ಕೇಳಿದ್ದು. ಮೊದಲು ಬಿಸಿಲು, ಬಸ್ಸು ಎಂದು ಏನೇನೋ ಮಾತಾಡುತ್ತಾರೆ. ಹೇಳಬೇಕಾದ ಮಾತು ಬರುವವರೆಗೆ ಫೋನ್ ಇಡಬೇಡ. ಬಾರದಿದ್ದರೂ ಇಡಬೇಡ, ಪುಟ್ಟೂ.